ಗಣಿತದ ಪದವಿಗೆ ಸಿಇಟಿ ತಯಾರಿ ಸಾಕಾ, ಐಎಸ್‌ಐ ತಯಾರಿ ಬೇಕಾ?

ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಸೂತ್ರ ನೆನಪಿದ್ದು ಕೈ ಚುರುಕಾಗಿದ್ದರೆ ಸಾಕು. ಬೆಂಗಳೂರಿನ ಐಎಸ್‌ಐನ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಗಣಿತ ಪದವಿ ಬಿ.ಮ್ಯಾಥ್‌ನ ಪ್ರವೇಶ ಪರೀಕ್ಷೆಯಲ್ಲಿ ಬರೆದು ಸಾಧಿಸುವ ಪತ್ರಿಕೆಯೂ ಇದೆ: ಎರಡು ಗಂಟೆ, ಬರೀ 8 ಪ್ರಶ್ನೆ.

ಒಂದು ಉದಾಹರಣೆ ನೋಡಿ. ವಾಸ್ತವ ಸಹಗುಣಕಗಳಿರುವ ಘನ ಸಮೀಕರಣಕ್ಕೆ ಒಂದಾದರೂ ವಾಸ್ತವ ಮೂಲ ಇರುತ್ತದೆ. ಸಿಇಟಿಗೆ ಇಷ್ಟು ಗೊತ್ತಿದ್ದರೆ ಆಯ್ತು. ಪದವಿಯಲ್ಲಿ ‘ಯಾಕೆ?’ ಅಂತ ಕೇಳುತ್ತಾರೆ. ನಕ್ಷೆ ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಹೋಗುತ್ತದೆ, ನಡುವೆ ಎಲ್ಲೂ ತುಂಡಾಗುವುದಿಲ್ಲ, ಹಾಗಾಗಿ ಅಕ್ಷವನ್ನು ದಾಟಲೇಬೇಕು. ಇದನ್ನು ಬಿಗಿಯಾಗಿ ಬರೆಯಬೇಕು. ಪಿಯುಸಿಯಲ್ಲಿ ನೂರಕ್ಕೆ ನೂರು ತೆಗೆದವರೂ ಇಲ್ಲೇ ತಡವರಿಸುವುದು ಜಾಸ್ತಿ.

ಎಂಜಿನಿಯರಿಂಗ್ ಅಂದರೆ ಸಿಇಟಿ ದಾರಿಯೇ ಸರಿ. ಬಿಎಸ್ಸಿ ಗಣಿತ ಅಂತಿದ್ದರೆ, ಸೀಟು ಎಲ್ಲೇ ಸಿಗಲಿ, ಐಎಸ್‌ಐನ ಹಳೇ ಪತ್ರಿಕೆಗಳನ್ನು ಬಿಡಿಸಿ.