ಬಾರ್ ಪಕ್ಕದಲ್ಲಿ ತೆರೆದಿಡುವ ಪುಸ್ತಕ

ಶಕ್ತಿ ತರಬೇತಿ ಅಥವಾ ದೇಹದಾರ್ಢ್ಯದ ಬಗ್ಗೆ ಪುಸ್ತಕ ಕೊಳ್ಳಲು ಹೊರಟವರು ಮುಖಪುಟದ ಮೇಲಿನ ತೋಳುಗಳನ್ನು ನೋಡುವುದನ್ನು ಬಿಟ್ಟು, ನೇರವಾಗಿ ಡೆಡ್‌ಲಿಫ್ಟ್ (ತೂಕ ಹಾಕಿದ ಬಾರ್ ಎಂಬ ಉದ್ದ ಕಬ್ಬಿಣದ ಸರಳನ್ನು ನೆಲದಿಂದ ಎತ್ತಿ ನೇರ ನಿಲ್ಲುವ ಕಸರತ್ತು) ಇರುವ ಪುಟವನ್ನು ತೆರೆಯಬೇಕು. ನೆಲದ ಮೇಲಿರುವ ಬಾರ್ ಪಾದದ ಯಾವ ಭಾಗದ ನೇರಕ್ಕೆ ಇರಬೇಕು, ಎತ್ತುವಾಗ ಬೆನ್ನು ಬಾಗಿದರೆ ಅದಕ್ಕೆ ಕಾರಣವೇನು ಎಂಬುದು ಅಲ್ಲಿ ಸ್ಪಷ್ಟವಾಗಿರಬೇಕು. ಆಮೇಲೆ ವಾರದ ಯೋಜನೆಯ ಪುಟಕ್ಕೆ ಹೋಗಿ, ಇವತ್ತು ಎತ್ತಿದ ತೂಕಕ್ಕೆ ಮುಂದಿನ ಸಲ ಎಷ್ಟು ಸೇರಿಸಬೇಕೆಂದು ಹೇಳಿದೆಯೇ ನೋಡಬೇಕು. ಇವೆರಡೂ ಸಿಗದ ಪುಸ್ತಕದಲ್ಲಿ ಬೇರೆ ಏನೇ ಇದ್ದರೂ, ಹೊಸಬರು ಮೊದಲು ಕೊಳ್ಳಬೇಕಾದ ಪುಸ್ತಕ ಅದಲ್ಲ.

ಈ ಪರೀಕ್ಷೆ ನನಗೆ ಹೊಳೆದದ್ದು ಪೆಟ್ಟು ತಿಂದ ಮೇಲೆ. ನಾನು ಮೊದಲು ಕೊಂಡ ಪುಸ್ತಕದಲ್ಲಿ ಡೆಡ್‌ಲಿಫ್ಟ್‌ಗೆ ಇದ್ದದ್ದು ಎರಡು ಛಾಯಾಚಿತ್ರ, ನಾಲ್ಕು ಸಾಲು. ಆ ನಾಲ್ಕು ಸಾಲಿನ ಸಾರ ಬೆನ್ನು ನೇರವಾಗಿರಲಿ ಎಂಬುದಷ್ಟೇ. ನೇರವಾಗಿಯೇ ಇಟ್ಟುಕೊಂಡಿದ್ದೇನೆ ಎಂದು ನಂಬಿ ಎರಡು ತಿಂಗಳು ಎತ್ತಿದೆ, ಪ್ರತಿ ವಾರವೂ ಸೊಂಟ ಹಿಡಿದುಕೊಳ್ಳುತ್ತಿತ್ತು. ದೋಷ ಇದ್ದದ್ದು ಬೆನ್ನಿನಲ್ಲಿ ಅಲ್ಲ, ಬಾರ್ ನಿಂತ ಜಾಗದಲ್ಲಿ. ಅದು ನನ್ನ ಪಾದದ ಮಧ್ಯದಿಂದ ಮೂರು ಬೆರಳಷ್ಟು ಮುಂದಿತ್ತು, ಹೀಗಾಗಿ ಪ್ರತಿ ಸಲವೂ ತೂಕ ನನ್ನನ್ನು ಮುಂದಕ್ಕೆ ಎಳೆಯುತ್ತಿತ್ತು.

ಇದನ್ನು ತಿಳಿಸಿಕೊಟ್ಟದ್ದು ಮಾರ್ಕ್ ರಿಪ್ಪೆಟೋ ಅವರ ‘ಸ್ಟಾರ್ಟಿಂಗ್ ಸ್ಟ್ರೆಂತ್’. 2005ರಲ್ಲಿ ಮೊದಲು ಬಂದ ಈ ಪುಸ್ತಕ ಸ್ಕ್ವಾಟ್ (ಬಾರ್ ಹೊತ್ತು ಕುಳಿತು ಏಳುವುದು), ಪ್ರೆಸ್ (ನಿಂತು ತಲೆಯ ಮೇಲಕ್ಕೆ ಎತ್ತುವುದು), ಡೆಡ್‌ಲಿಫ್ಟ್, ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಎತ್ತುವುದು) ಮತ್ತು ಪವರ್ ಕ್ಲೀನ್ (ನೆಲದಿಂದ ಭುಜಕ್ಕೆ ಒಮ್ಮೆಲೇ ಎಳೆಯುವುದು) ಇಂಥ ಬೆರಳೆಣಿಕೆಯ ಕಸರತ್ತುಗಳನ್ನೇ ಹಿಡಿದುಕೊಂಡು, ಒಂದೊಂದಕ್ಕೂ ಒಂದು ದೀರ್ಘ ಅಧ್ಯಾಯವನ್ನು ಮೀಸಲಿಡುತ್ತದೆ. ಡೆಡ್‌ಲಿಫ್ಟ್‌ಗೆ ಅದು ಕೊಡುವ ಕ್ರಮ ಐದು ಹಂತದ್ದು. ಬಾರ್ ಪಾದದ ಸರಿಮಧ್ಯದ ಮೇಲೆ ಬರುವಂತೆ, ಅಂದರೆ ಕಣಕಾಲಿನಿಂದ ಸುಮಾರು ಒಂದು ಅಂಗುಲ ದೂರದಲ್ಲಿರುವಂತೆ ನಿಲ್ಲುವುದು. ಬಾರ್ ಅಲುಗದಂತೆ ಬಗ್ಗಿ ಹಿಡಿಯುವುದು. ಕಣಕಾಲು ಬಾರ್‌ಗೆ ತಾಕುವವರೆಗೆ ಮಾತ್ರ ಮಂಡಿ ಮಡಿಸುವುದು. ಎದೆಯನ್ನು ಮೇಲೆತ್ತಿ ಬೆನ್ನನ್ನು ಬಿಗಿ ಮಾಡುವುದು. ಬಾರ್ ಕಾಲಿಗೆ ಒರಸಿಕೊಂಡೇ ಮೇಲೆ ಬರುವಂತೆ ಎಳೆಯುವುದು. ಈ ಐದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಎತ್ತಿದ ದಿನ ತೂಕ ಕಡಿಮೆಯಾಯಿತೇನೋ ಎನ್ನಿಸಿತು. ಕಣಕಾಲು ಸ್ವಲ್ಪ ತರಚಿತ್ತು, ಸೊಂಟಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಈ ಪುಸ್ತಕವನ್ನು ನಾನು ಮೆಚ್ಚುವುದು ಅದು ಕಾರಣ ಹೇಳುತ್ತದೆ ಎಂಬುದಕ್ಕೆ. ಬಾರ್ ಪಾದದ ಮಧ್ಯದ ಮೇಲಿದ್ದಾಗಲೇ ಎತ್ತುವವನೂ ತೂಕವೂ ಸೇರಿ ಸಮತೋಲದಲ್ಲಿರಲು ಸಾಧ್ಯ ಎಂಬ ಒಂದೇ ತತ್ವದಿಂದ ನಿಂತು ಮಾಡುವ ಎಲ್ಲ ಕಸರತ್ತುಗಳ ನಿಲುವನ್ನೂ ಅದು ವಿವರಿಸುತ್ತದೆ. ಆದ್ದರಿಂದ ಕನ್ನಡಿ ಇಲ್ಲದ ಕಡೆಯಲ್ಲೂ ಓದುಗನು ತನ್ನ ತಪ್ಪನ್ನು ತಾನೇ ಹುಡುಕಿಕೊಳ್ಳಬಲ್ಲ. ಯೋಜನೆಯೂ ಸರಳ: ವಾರಕ್ಕೆ ಮೂರು ದಿನ, ಸ್ಕ್ವಾಟ್ 5 ರೆಪ್‌ನ 3 ಸೆಟ್ (ಒಂದು ಸಲ ಎತ್ತಿ ಇಳಿಸುವುದು ಒಂದು ರೆಪ್, ಬಿಡದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್), ಡೆಡ್‌ಲಿಫ್ಟ್ 5 ರೆಪ್‌ನ ಒಂದೇ ಸೆಟ್, ಪ್ರತಿ ಸಲವೂ ಸ್ವಲ್ಪ ಹೆಚ್ಚು ತೂಕ. ಕೊರತೆಗಳೂ ಇವೆ. ವಾಕ್ಯಗಳು ಗಡುಸು, ವಿವರಣೆ ಕೆಲವೆಡೆ ಉಸಿರು ಕಟ್ಟಿಸುವಷ್ಟು ಉದ್ದ. ಬಾರ್ ಅನ್ನು ಬೆನ್ನಿನ ಮೇಲೆ ತುಸು ಕೆಳಗಿಟ್ಟು ಮಾಡುವ ಸ್ಕ್ವಾಟ್ ಒಂದನ್ನೇ ಲೇಖಕರು ಎತ್ತಿ ಹಿಡಿಯುತ್ತಾರೆ, ಭುಜ ಹಿಂದಕ್ಕೆ ಬಾಗದವರಿಗೆ ಅದು ಕಷ್ಟ. ತೋಳಿನ, ಮೀನಖಂಡದ ಆಕಾರದ ಬಗ್ಗೆ ಆಸೆಯಿರುವವರಿಗೆ ಇಲ್ಲಿ ಸಿಗುವುದು ಬಹಳ ಕಡಿಮೆ.

ಅಂಥವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅವರು ಬಿಲ್ ಡಾಬಿನ್ಸ್ ಜೊತೆ ಬರೆದ ದೇಹದಾರ್ಢ್ಯದ ವಿಶ್ವಕೋಶಕ್ಕೆ. 1985ರಲ್ಲಿ ಬಂದು, 1998ರಲ್ಲಿ ಪರಿಷ್ಕೃತವಾದ ಇದು 800 ಪುಟ ಮೀರಿದ ಗ್ರಂಥ. ಏಳು ಸಲ ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಸ್ಪರ್ಧೆ ಗೆದ್ದವರ ಅನುಭವ ಅದರಲ್ಲಿದೆ. ದೇಹದಾರ್ಢ್ಯದ ಇತಿಹಾಸ, ವೇದಿಕೆಯ ಮೇಲಿನ ಭಂಗಿಗಳು, ಸ್ಪರ್ಧೆಯ ಸಿದ್ಧತೆ, ಒಂದೊಂದು ಸ್ನಾಯುವಿಗೂ ಹಲವು ಕಸರತ್ತುಗಳು, ಎಲ್ಲವೂ ಅಲ್ಲಿವೆ. ಓದಿದವರಿಗೆ ಹುರುಪು ಬಾರದೆ ಇರದು. ಆದರೆ ಅದರ ವೇಳಾಪಟ್ಟಿಗಳು ವಾರಕ್ಕೆ ಆರು ದಿನ ಕೇಳುತ್ತವೆ, ಸೆಟ್‌ಗಳ ಸಂಖ್ಯೆಯೂ ದೊಡ್ಡದು. ವರ್ಷಗಳ ಕಾಲ ದುಡಿದ ದೇಹ ತಾಳಿಕೊಳ್ಳುವ ಭಾರವನ್ನು ನಿನ್ನೆ ಶುರು ಮಾಡಿದವರ ಮೇಲೆ ಹೇರಿದರೆ ಮೈಕೈ ನೋವು ಬೆಳೆದೀತೇ ಹೊರತು ಸ್ನಾಯುವಲ್ಲ. ಹೊಸ ಕಸರತ್ತು ಬೇಕೆನಿಸಿದಾಗ ತೆಗೆದು ನೋಡುವ ಆಕರವಾಗಿ ಇದನ್ನು ಇಟ್ಟುಕೊಳ್ಳಿ, ವೇಳಾಪಟ್ಟಿಗಾಗಿ ಬೇಡ.

ಫ್ರೆಂಚ್ ಚಿತ್ರಕಾರ ಫ್ರೆಡೆರಿಕ್ ಡೆಲಾವಿಯೆ ಅವರ ‘ಸ್ಟ್ರೆಂತ್ ಟ್ರೈನಿಂಗ್ ಅನಾಟಮಿ’ಯನ್ನು ಚಿತ್ರಗಳಿಗಾಗಿಯೇ ಕೊಳ್ಳಬೇಕು. ಚರ್ಮ ಸರಿಸಿದಂತೆ ಬರೆದ ದೇಹದಲ್ಲಿ, ಆಯಾ ಕಸರತ್ತಿಗೆ ದುಡಿಯುವ ಸ್ನಾಯು ಮಾತ್ರ ಕೆಂಪಾಗಿ ಎದ್ದು ಕಾಣುತ್ತದೆ. ಸ್ಕ್ವಾಟ್‌ನಲ್ಲಿ ತೊಡೆಯ ಒಳಭಾಗವೂ ದುಡಿಯುತ್ತದೆ ಎಂಬುದನ್ನು ನಾನು ಓದಿ ನಂಬಿರಲಿಲ್ಲ, ಇಲ್ಲಿನ ಚಿತ್ರ ನೋಡಿ ನಂಬಿದೆ.

ಬ್ರಾಡ್ ಶೋನ್‌ಫೆಲ್ಡ್ ಅವರು ಸ್ನಾಯು ಬೆಳವಣಿಗೆಯ ವಿಜ್ಞಾನದ ಬಗ್ಗೆ 2016ರಲ್ಲಿ ಹೊರತಂದ ಪುಸ್ತಕ ಮಾತ್ರ ಬೇರೆ ಜಾತಿಯದು. ಇದು ಪಠ್ಯಪುಸ್ತಕ, ಸಾಲುಸಾಲಿಗೂ ಸಂಶೋಧನಾ ಲೇಖನಗಳ ಉಲ್ಲೇಖ ಇರುವುದರಿಂದ ನಿಧಾನವಾಗಿ ಓದಬೇಕು. ಆದರೆ ಜಿಮ್‌ಗಳಲ್ಲಿ ಬಾಯಿಂದ ಬಾಯಿಗೆ ಹರಡಿದ ಎಷ್ಟೋ ನಂಬಿಕೆಗಳನ್ನು ತಾಳ್ಮೆಯಿಂದ ತೂಗಿ ನೋಡುವ ಕೆಲಸವನ್ನು ಇದು ಮಾಡುತ್ತದೆ. 8ರಿಂದ 12 ರೆಪ್ ಮಾಡಿದರಷ್ಟೇ ಸ್ನಾಯು ಬೆಳೆಯುತ್ತದೆ ಎಂಬುದು ಅಂಥ ಒಂದು ನಂಬಿಕೆ. ಇನ್ನೊಂದೆರಡು ರೆಪ್ ಮಾತ್ರ ಸಾಧ್ಯ ಎನ್ನುವಷ್ಟು ದಣಿವಿನ ಹತ್ತಿರಕ್ಕೆ ಸೆಟ್ ಅನ್ನು ಒಯ್ದರೆ, ಹಗುರ ತೂಕದಲ್ಲಿ ಹೆಚ್ಚು ರೆಪ್ ಮಾಡಿದರೂ ಬೆಳವಣಿಗೆ ಆಗುತ್ತದೆ. ಆದರೆ ಗರಿಷ್ಠ ಶಕ್ತಿ ಬೇಕಿದ್ದವರಿಗೆ ಭಾರದ ತೂಕವೇ ಬೇಕು. ಒಂದು ವರ್ಷವಾದರೂ ಎತ್ತಿ, ಎತ್ತಿದ್ದನ್ನು ದಾಖಲಿಸಿಟ್ಟವರಿಗೆ ಈ ಪುಸ್ತಕ ಹೆಚ್ಚು ದಕ್ಕುತ್ತದೆ, ಏಕೆಂದರೆ ಆಗ ಓದಿದ್ದನ್ನು ತಮ್ಮದೇ ನೋಟ್‌ಬುಕ್‌ನ ಅಂಕಿಗಳ ಜೊತೆ ಹೋಲಿಸಿ ನೋಡಬಹುದು.

ಪ್ರತಿ ಸಲ ತೂಕ ಏರಿಸುವುದು ನಿಂತುಹೋದಾಗ ಜಿಮ್ ವೆಂಡ್ಲರ್ ಅವರ ‘5/3/1’ ಪುಸ್ತಕ ಸಾಕು. ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ತೂಕದ ಶೇ. 90ರಷ್ಟನ್ನೇ ಆಧಾರವಾಗಿಟ್ಟು ಲೆಕ್ಕ ಹಾಕುವ ಅದರ ಕ್ರಮ, ಅವಸರ ಪಡುವವರನ್ನು ಒಳ್ಳೆಯ ರೀತಿಯಲ್ಲಿ ತಡೆದು ನಿಲ್ಲಿಸುತ್ತದೆ.

ಕೊಳ್ಳುವಾಗ ಆವೃತ್ತಿಯನ್ನು ಕೇಳಿಯೇ ಕೊಳ್ಳಿ. ರಿಪ್ಪೆಟೋ ಅವರದು 2011ರ ಮೂರನೆಯ ಆವೃತ್ತಿಯಾಗಿರಲಿ, ಶೋನ್‌ಫೆಲ್ಡ್ ಅವರದು 2020ರದ್ದು ಅಥವಾ ಅದರ ನಂತರದ್ದಾಗಿರಲಿ. ಸಾಧ್ಯವಾದರೆ ರಿಪ್ಪೆಟೋ ಅವರ ಪುಸ್ತಕವನ್ನು ಮುದ್ರಿತ ಪ್ರತಿಯಾಗಿಯೇ ತನ್ನಿ. ಸೆಟ್‌ಗಳ ನಡುವೆ ಹಿಡಿತ ಜಾರದಿರಲು ಹಚ್ಚುವ ಚಾಕ್ ಪುಡಿ ಹತ್ತಿದ ಕೈಯಲ್ಲೇ ಅದರ ಪುಟ ತಿರುವಬೇಕಾಗುತ್ತದೆ. ನನ್ನ ಪ್ರತಿಯಲ್ಲಿ ಡೆಡ್‌ಲಿಫ್ಟ್ ಅಧ್ಯಾಯದ ಅಂಚು ಪೂರ್ತಿ ಬೆಳ್ಳಗಾಗಿದೆ.