ಅಜ್ಜಿಯ ಹಚ್ಚೆ ಅಳಿಸಿದ ಸ್ಟುಡಿಯೊ, ಆದರೂ 4 ಸ್ಟಾರ್

ಹೋದ ತಿಂಗಳು ಹಾಸನದ ಕಡೆಯ ನಮ್ಮ ಊರಿಂದ ಅಜ್ಜ ಅಜ್ಜಿಯನ್ನು ಮೈಸೂರಿಗೆ ಕರೆಸಿಕೊಂಡು, ನಮ್ಮ ಬಡಾವಣೆಯ ಒಂದು ಸ್ಟುಡಿಯೊದಲ್ಲಿ ಫೋಟೊ ತೆಗೆಸಿದೆವು. ಇಬ್ಬರೂ ಜೊತೆಗಿರುವ ಒಂದು ಒಳ್ಳೆ ಫೋಟೊ ಮನೆಯಲ್ಲಿ ಇರಲಿಲ್ಲ. ಇದ್ದದ್ದೆಲ್ಲ ಯಾರದೋ ಮದುವೆಯಲ್ಲಿ ಹಿಂದಿನ ಸಾಲಲ್ಲಿ ನಿಂತದ್ದು, ಇಲ್ಲವೇ ಆಧಾರ್ ಕಾರ್ಡಿನದು. ಫೋಟೊ ತೆಗೆಯೋದು, 12 ಇಂಚು 18 ಇಂಚಿನ ಪ್ರಿಂಟು, ಫ್ರೇಮು ಎಲ್ಲ ಸೇರಿ 2,500 ರೂಪಾಯಿ ಆಯಿತು.

ಮೊದಲು ಚೆನ್ನಾಗಿದ್ದದ್ದನ್ನು ಹೇಳುತ್ತೇನೆ. ಆ ಫೋಟೊಗ್ರಾಫರಿಗೆ ವಯಸ್ಸಾದವರ ಜೊತೆ ಹೇಗಿರಬೇಕು ಅಂತ ಗೊತ್ತು. ಬಂದ ತಕ್ಷಣ ಕ್ಯಾಮೆರಾ ಎತ್ತಲಿಲ್ಲ. ಅಜ್ಜನ ಹತ್ತಿರ ಈ ಸಲದ ರಾಗಿ, ಮಳೆ ಅಂತ ಕಾಲು ಗಂಟೆ ಮಾತಾಡಿದರು. 'ನಗಿ ಅಜ್ಜಿ, ನಗಿ' ಅಂತ ಒಂದು ಸಲವೂ ಪೀಡಿಸಲಿಲ್ಲ. ತಾವೇ ಚಿಕ್ಕ ಸ್ಟೂಲಿನ ಮೇಲೆ ಕೂತು ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಇಳಿಸಿಕೊಂಡರು. ಒಂದೇ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದು ಮಾಡುವ, ಮುಂದೆ ಬಿಳಿ ಬಟ್ಟೆ ಇರುವ ಲೈಟಿನ ಪೆಟ್ಟಿಗೆ) ಅನ್ನು ಪಕ್ಕದಿಂದ ಓರೆಯಾಗಿ ಇಟ್ಟಿದ್ದರು, ಹಿಂದೆ ಕಂದು ಬಣ್ಣದ ಸಾದಾ ಬಟ್ಟೆ. ಅಜ್ಜಿಯ ಎರಡೂ ಕಣ್ಣಲ್ಲಿ ಬೆಳಕಿನ ಚುಕ್ಕೆ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಕಣ್ಣು ಈಗಷ್ಟೇ ಏನೋ ಕೇಳಿಸಿಕೊಂಡ ಹಾಗಿತ್ತು.

ನಾಲ್ಕು ದಿನ ಬಿಟ್ಟು ಪ್ರಿಂಟು ಬಂತು. ಅಜ್ಜಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ಹಣೆ ಮುಟ್ಟಿಕೊಂಡು, "ನನ್ ಹಚ್ಚೆ ಎಲ್ಲೋಯ್ತು ಮಗಾ?" ಅಂದರು.

ಅವರ ಹಣೆಯ ಮೇಲೆ ಕುಂಕುಮದ ಕೆಳಗೆ ಹಸಿರು ಹಚ್ಚೆ ಇದೆ. ಮೂರು ಚುಕ್ಕಿ, ಒಂದು ಸಣ್ಣ ಗೆರೆ. ಮದುವೆಗೆ ಮುಂಚೆ ಅವರ ತಾಯಿ ಹುಯ್ಯಿಸಿದ್ದು. ಎಡಿಟಿಂಗ್‌ನಲ್ಲಿ ಅದನ್ನು ಕಲೆ ಅಂದುಕೊಂಡು ಒರೆಸಿಬಿಟ್ಟಿದ್ದಾರೆ. ಕೆನ್ನೆಯ ಸುಕ್ಕು, ಕಣ್ಣಿನ ಪಕ್ಕದ ಗೆರೆ ಎಲ್ಲ ಮೇಣದ ಹಾಗೆ ನುಣ್ಣಗಾಗಿದೆ. ಅಜ್ಜನ ಮುಖವನ್ನಂತೂ ಬೆಳ್ಳಗೆ ಮಾಡಿದ್ದಾರೆ, ಆದರೆ ತೊಡೆಯ ಮೇಲಿನ ಕೈ ಹಾಗೇ ಹೊಲದ ಬಿಸಿಲಿನ ಬಣ್ಣದಲ್ಲೇ ಇದೆ. ಮುಖ ಒಬ್ಬರದು, ಕೈ ಇನ್ನೊಬ್ಬರದು ಅನ್ನಿಸುತ್ತದೆ. ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಆದರೂ 'ಚೆನ್ನಾಗಿಲ್ಲ, ದುಡ್ಡು ವಾಪಸ್ ಕೊಡಿ' ಅನ್ನಲಿಲ್ಲ. ಹಾಗಂದರೆ ಅವರಿಗೆ ಏನು ತಿಳಿಯುತ್ತದೆ, ಅಲ್ವಾ? ನಾನೂ ಅಲ್ಪಸ್ವಲ್ಪ ಫೋಟೊ ತೆಗೆಯುತ್ತೇನೆ, ಹಾಗಾಗಿ ಪ್ರಿಂಟು ಹಿಡಿದುಕೊಂಡು ಹೋಗಿ ಅವರ ಕಂಪ್ಯೂಟರ್ ಮುಂದೆ ಜೊತೆಗೇ ಕೂತು ಒಂದೊಂದೇ ಜಾಗ ಬೆರಳಿಟ್ಟು ತೋರಿಸಿದೆ. ಹಚ್ಚೆಯ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು. ಬರುವವರಲ್ಲಿ ಹೆಚ್ಚಿನವರು 'ಸ್ವಲ್ಪ ಬೆಳ್ಳಗೆ ಮಾಡಿ, ವಯಸ್ಸು ಕಮ್ಮಿ ಕಾಣಲಿ' ಅಂತಲೇ ಕೇಳುತ್ತಾರಂತೆ, ಅದೇ ರೂಢಿಯಾಗಿದೆ ಸರ್ ಅಂದರು. ಇದು ನಿಜ ಇರಬಹುದು. ಆದರೆ ನಾವು ಕೇಳಿರಲಿಲ್ಲ. ಎರಡು ದಿನದಲ್ಲಿ ಹೋಗುವ ಮೊಡವೆ ತೆಗೆಯಿರಿ, ಜನ್ಮಕ್ಕಂಟಿದ ಮಚ್ಚೆ, ಹಚ್ಚೆ, ಗಾಯದ ಗುರುತು ಮುಟ್ಟುವ ಮುಂಚೆ ಒಂದು ಮಾತು ಕೇಳಿ ಅಂದೆ. ಒಪ್ಪಿದರು.

ಇನ್ನೊಂದು ತಪ್ಪು ಎಡಿಟಿಂಗ್‌ನದಲ್ಲ, ತೆಗೆಯುವಾಗಲೇ ಆದದ್ದು. 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ, ಅಂದರೆ ಬೆಳಕು ಬರುವ ಕಿಂಡಿಯನ್ನು ತುಂಬ ಅಗಲಕ್ಕೆ ಇಟ್ಟು ತೆಗೆದಿದ್ದಾರೆ. ಒಬ್ಬರೇ ಇದ್ದರೆ ಅದು ಸುಂದರ. ಆದರೆ ಎರಡೂವರೆ ಮೀಟರ್ ದೂರದಲ್ಲಿ ಹೆಚ್ಚುಕಮ್ಮಿ ಒಂದು ಅಂಗೈ ಅಗಲದಷ್ಟು ಆಳಕ್ಕೆ ಮಾತ್ರ ಫೋಕಸ್ ಸಿಗುತ್ತದೆ. ಅಜ್ಜ ಅರ್ಧ ಅಡಿ ಹಿಂದೆ ಕೂತಿದ್ದರು. ಅಜ್ಜಿಯ ಮೂಗುಬೊಟ್ಟಿನ ಹರಳು ಎಣಿಸಬಹುದು, ಅಜ್ಜನ ಮೀಸೆ ಮಾತ್ರ ಮಂಜುಮಂಜು. ಸ್ಟುಡಿಯೊ ಫ್ಲ್ಯಾಶ್ ಇರುವಾಗ ಬೆಳಕಿಗೇನು ಬರವಿಲ್ಲವಲ್ಲ, ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಇಟ್ಟಿದ್ದರೆ ಇಬ್ಬರೂ ಸ್ಪಷ್ಟವಾಗಿ ಬರುತ್ತಿದ್ದರು. ಅಜ್ಜನ ಕನ್ನಡಕದಲ್ಲಿ ಸಾಫ್ಟ್‌ಬಾಕ್ಸ್‌ನ ಬಿಳಿ ಚೌಕವೂ ಕೂತಿತ್ತು. ಲೈಟನ್ನು ಸ್ವಲ್ಪ ಎತ್ತರಿಸಿದರೆ, ಇಲ್ಲವೇ ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಒಂದು ಚೂರು ಮೇಲೆತ್ತಿ ಗಾಜು ಕೆಳಗೆ ಬಾಗುವ ಹಾಗೆ ಮಾಡಿದರೆ ಅದು ಹೋಗುತ್ತದೆ. ಅಜ್ಜಿಯ ಕೈಯನ್ನು ಸರಿಯಾಗಿ ಮಣಿಕಟ್ಟಿನಲ್ಲೇ ಕತ್ತರಿಸಿದ್ದೂ ನನಗೆ ಸರಿ ಕಾಣಲಿಲ್ಲ, ಹಸಿರು ಬಳೆ ಅರ್ಧಕ್ಕೇ ನಿಂತುಬಿಟ್ಟಿದೆ.

ಅವರು ಮುನಿಸಿಕೊಳ್ಳಲಿಲ್ಲ. ಅವತ್ತು ತೆಗೆದ ನಲವತ್ತು ಚಿಲ್ಲರೆ ಫೋಟೊಗಳನ್ನು ಕಂಪ್ಯೂಟರ್‌ನಲ್ಲಿ ಮತ್ತೆ ತೆರೆದು ನೋಡಿ, ಅಜ್ಜ ಸ್ವಲ್ಪ ಮುಂದೆ ಬಾಗಿದ್ದ ಒಂದನ್ನು ಹುಡುಕಿದರು. ಅದರಲ್ಲಿ ಕನ್ನಡಕವೂ ಸರಿ ಇತ್ತು, ಕೈಯೂ ಪೂರ್ತಿ ಇತ್ತು. ಬಣ್ಣ ಒಂದಿಷ್ಟು ಸರಿಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಹೊಸ ಪ್ರಿಂಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಹೊಳೆಯುವ ಪೇಪರ್ ಬೇಡ, ಮ್ಯಾಟ್ ಹಾಕಿ ಅಂತ ಕೇಳಿದ್ದೆ, ಅದನ್ನೂ ಹಾಕಿಕೊಟ್ಟರು. ಜಗಲಿಯ ಬೆಳಕಿನಲ್ಲಿ ಗೋಡೆಗೆ ಹಾಕಿದರೂ ಮುಖ ಕಾಣುತ್ತದೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಪ್ರಿಂಟ್ ಮಾಡುವ ಮುಂಚೆ ತೋರಿಸದೇ ಇದ್ದದ್ದಕ್ಕೆ. ನೀವು ಎಲ್ಲಿ ಫೋಟೊ ತೆಗೆಸಿದರೂ ಎಡಿಟ್ ಮಾಡಿದ್ದನ್ನು ದೊಡ್ಡ ಪರದೆಯಲ್ಲಿ ಒಮ್ಮೆ ನೋಡಿಯೇ ಪ್ರಿಂಟಿಗೆ ಹ್ಞೂಂ ಅನ್ನಿ. ಸುಮ್ನೆ ಮೊಬೈಲ್‌ನಲ್ಲಿ ನೋಡಿದರೆ ಫೋಕಸ್ ತಪ್ಪಿದ್ದು ಗೊತ್ತಾಗುವುದಿಲ್ಲ. ಈ ಸ್ಟುಡಿಯೊಗೆ ಇನ್ನೊಂದು ವಿನಂತಿ: ನಿಮ್ಮದು ಮೊದಲನೇ ಮಹಡಿ, ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಅಜ್ಜಿ ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದರು. ಒಂದು ಕಂಬಿ ಹಾಕಿಸಿ.