ದನದ ಸ್ಕ್ಯಾನರ್: ಯಂತ್ರ ಚಿನ್ನ, ಕೇಬಲ್ಲು ಕರ್ಮ

ಚೀನಾದಲ್ಲಿ ತಯಾರಾಗಿ, ಇಲ್ಲಿ ಬೇರೆ ಬೇರೆ ಹೆಸರಿನ ಸ್ಟಿಕ್ಕರ್ ಅಂಟಿಸಿಕೊಂಡು ಮಾರಾಟವಾಗುವ ದನದ ಅಲ್ಟ್ರಾಸೌಂಡ್ ಸ್ಕ್ಯಾನರ್ ಇದೆಯಲ್ಲ, ಕೈಯಲ್ಲಿ ಹಿಡಿಯುವಂಥದ್ದು, ಇದು ಅದರ ಕಥೆ. ಸ್ಕ್ರೀನ್ ಎಷ್ಟು ಇಂಚು, ಮೆಮೊರಿ ಎಷ್ಟು ಅನ್ನೋದೆಲ್ಲ ಮಾರುವವರು ವಾಟ್ಸಾಪ್‌ನಲ್ಲಿ ದಿನಾ ಕಳಿಸ್ತಾರೆ, ಬಿಡಿ. ನಾನು ಚನ್ನರಾಯಪಟ್ಟಣದ ಕಡೆ ಖಾಸಗಿಯಾಗಿ ಪ್ರಾಕ್ಟೀಸ್ ಮಾಡುವ ಪಶುವೈದ್ಯ. ಬೈಕಿನ ಸೈಡ್ ಬಾಕ್ಸೇ ನನ್ನ ಆಸ್ಪತ್ರೆ. ಈಸಿ-ಸ್ಕ್ಯಾನ್ ಥರದ ವಿದೇಶಿ ಯಂತ್ರಗಳ ಬೆಲೆ ಕೇಳಿ ಕೈಮುಗಿದು, ಒಂದೂವರೆ ಲಕ್ಷದೊಳಗೆ ಸಿಕ್ಕಿದ್ದನ್ನು ಕಂತಿನ ಮೇಲೆ ತಗೊಂಡೆ. ಕಂತು ತೀರಿ ಎಷ್ಟೋ ಕಾಲವಾಯ್ತು.

ಕೈ ಹಾಕಿ ಗಬ್ಬ ನೋಡೋದನ್ನು ನಾವೆಲ್ಲ ಕಾಲೇಜಿನಲ್ಲೇ ಕಲಿತಿದ್ದೇವೆ. ಆದರೆ ಎದೆ ತಟ್ಟಿ ಹೇಳಬೇಕು ಅಂದರೆ ಎರಡು ತಿಂಗಳು ತುಂಬಿದರೇ ವಾಸಿ. ಸ್ಕ್ಯಾನರ್ 30 ದಿನಕ್ಕೇ ತೋರಿಸುತ್ತೆ. ನಾವು ದುಡ್ಡು ಕೊಡೋದು ಆ ಒಂದು ತಿಂಗಳಿಗೆ. ಬೆದೆ ಬರೋದು 21 ದಿನಕ್ಕೊಮ್ಮೆ. ಒಂದು ಬೆದೆ ಕೈತಪ್ಪಿದರೆ ಮೂರು ವಾರದ ಬೂಸಾ, ಹಿಂಡಿ ದಂಡ. ಮೊದಲಾದರೆ ರೈತರು ಹೋಗ್ಲಿ ಬಿಡಿ ಅಂತಿದ್ದರು. ಈಗ ಹೆಣ್ಣುಗರುವೇ ಹುಟ್ಟಲಿ ಅಂತ ಲಿಂಗ ನಿರ್ಧರಿತ ವೀರ್ಯದ ಕಡ್ಡಿ ಹಾಕಿಸ್ತಾರೆ. ಅದರಲ್ಲಿ ಸುಮಾರು 90% ಹೆಣ್ಣೇ. ಅದಕ್ಕೆ ಹೆಚ್ಚಿಗೆ ಕಾಸು ಬಿಚ್ಚಿದವನು ಎರಡು ತಿಂಗಳು ಕಾಯ್ತಾನಾ? ತಿಂಗಳು ತುಂಬೋ ಮೊದಲೇ ಫೋನ್ ಬಂದಿರುತ್ತೆ. ಸಣ್ಣ ಊರುಗಳಲ್ಲೂ ಈ ಯಂತ್ರಕ್ಕೆ ಗಿರಾಕಿ ಹುಟ್ಟಿರೋದು ಹೀಗೆ.

ಇನ್ನೊಂದು ಉಪಯೋಗ ನನ್ನಂಥವರಿಗೇ ಗೊತ್ತು. “ಹಸು ಬೆದೆಗೇ ಬರ್ತಿಲ್ಲ ಸಾರ್, ಒಂದು ಇಂಜೆಕ್ಷನ್ ಹಾಕಿ” ಅಂತ ಕರೀತಾರೆ. ಆ ಇಂಜೆಕ್ಷನ್ ಪ್ರೊಸ್ಟಾಗ್ಲಾಂಡಿನ್. ಹಸು ಎಳೆಗಬ್ಬ ಇದ್ದರೆ ಗಬ್ಬವೇ ಹೋಗುತ್ತೆ. ಈಗ ಸ್ಕ್ಯಾನ್ ಮಾಡದೆ ನಾನು ಸಿರಿಂಜ್ ಮುಟ್ಟೋದಿಲ್ಲ. ಬೆದೆಗೆ ಬರ್ತಿಲ್ಲ ಅಂದ ಹಸುವಿನ ಹೊಟ್ಟೆಯಲ್ಲಿ ನಲವತ್ತು ದಿನದ ಕರು ಕಂಡಾಗ ಮನೆಯವರ ಮುಖ ನೋಡಬೇಕು.

ದಿನದ ಕ್ರಮ ಹೀಗೆ. ರಾತ್ರಿ ಮೊಬೈಲ್ ಜೊತೆಗೇ ಚಾರ್ಜಿಗೆ. ಬೆಳಿಗ್ಗೆ ಹಾಲು ಕರೆಯೋ ಹೊತ್ತು ಮುಗಿದ ಮೇಲೆ ಕೊಟ್ಟಿಗೆಗೆ. ಉದ್ದ ಗ್ಲೌಸ್ ಹಾಕಿ ಮೊದಲು ಸಗಣಿಯೆಲ್ಲ ತೆಗೀಬೇಕು. ಗಾಳಿ, ಸಗಣಿ ಅಡ್ಡ ಬಂದರೆ ಏನೂ ಕಾಣದು. ಪ್ರೋಬನ್ನು, ಅಂದರೆ ಕೇಬಲ್ ತುದಿಯಲ್ಲಿ ಚಿತ್ರ ಹಿಡಿಯೋ ತುಂಡನ್ನು, ಅಂಗೈಯಲ್ಲಿಟ್ಟು ಬೆರಳಿಂದ ಮುಚ್ಚಿಕೊಂಡು ಒಳಗೆ ಹೋಗಿ, ಗರ್ಭಕೋಶದ ಮೇಲೆ ನಿಧಾನಕ್ಕೆ ಸವರೋದು. ನೀರು ಕಪ್ಪು, ಮಾಂಸ ಬೂದು, ಮೂಳೆ ಬಿಳಿ. ಕಪ್ಪು ಮಡುವಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನ ಬೂದು ಚುಕ್ಕೆ, ಅದರ ನಡುವೆ ಮಿಣಮಿಣ ಅನ್ನೋ ಹೃದಯ. ಸ್ಕ್ರೀನ್ ರೈತರ ಕಡೆ ತಿರುಗಿಸ್ತೀನಿ. ಒಬ್ಬ ಅಜ್ಜಿ ಸೆರಗಿಂದ ಸ್ಕ್ರೀನ್ ಒರೆಸಿ, ಕಣ್ಣು ಕಿರಿದು ಮಾಡಿ ನೋಡಿ, ಹಸುವಿನ ಬೆನ್ನು ಸವರಿ, “ಹೇಳಬಾರದೇನೇ ನಂಗೆ” ಅಂದಿತು. ಖರೀದಿ ಮಾಡುವಾಗ ಇದನ್ನು ಯಾರೂ ಹೇಳಿರಲಿಲ್ಲ. ಕಣ್ಣಾರೆ ಕಂಡ ಮೇಲೆ ಫೀಸಿಗೆ ಚೌಕಾಸಿಯೂ ಇಲ್ಲ.

60 ದಿನದ ಆಸುಪಾಸಿನಲ್ಲಿ ನೋಡಿದರೆ ಹೋರಿಯೋ ಕಡಸೋ ಅಂತಲೂ ಹೇಳಬಹುದು. ಹುಟ್ಟೋ ಮೊದಲೇ ಲಿಂಗ ಪತ್ತೆ ಮಾಡಬಾರದು ಅನ್ನೋ 1994ರ ಕಾಯ್ದೆ ಮನುಷ್ಯರಿಗೆ, ದನಕ್ಕಲ್ಲ. ಕೊಟ್ಟಿಗೆಯಲ್ಲಿ ಎಲ್ಲರಿಗೂ ಹೆಣ್ಣೇ ಬೇಕು. ಅದೇ ಮನೆಯ ನಡುಮನೆಯಲ್ಲಿ ಏನು ಬೇಕು ಅಂತ ನಾನು ಕೇಳೋಕೆ ಹೋಗೋದಿಲ್ಲ.

ಬಿಸಿಲಲ್ಲಿ ಸ್ಕ್ರೀನ್ ಕಾಣೋದಿಲ್ಲ. ಅದಕ್ಕೆ ಟವೆಲ್ ಹೊದ್ದುಕೊಂಡು ನೋಡ್ತೀನಿ, ಪರವಾಗಿಲ್ಲ. ಪ್ರಾಣ ತಿನ್ನೋದು ಕೇಬಲ್ಲು. ಪ್ರೋಬಿನ ಬುಡದಲ್ಲಿ ಅದು ದಿನಾ ಮಡಚುತ್ತೆ, ಹಸು ಕುಕ್ಕರಿಸಿದರೆ ಜಗ್ಗುತ್ತೆ, ಸ್ವಲ್ಪ ಸಿಗಿದರೆ ಗಂಜಲ ಒಳಗೆ ಇಳಿಯುತ್ತೆ. ವಾರಂಟಿ ಮುಗಿದ ಸ್ವಲ್ಪ ದಿನಕ್ಕೇ ಚಿತ್ರದಲ್ಲಿ ಉದ್ದುದ್ದ ಕಪ್ಪು ಗೆರೆ ಬರೋಕೆ ಶುರುವಾಯ್ತು. ಮಾರಿದವರಿಗೆ ಫೋನ್ ಮಾಡಿದೆ. ಕೊಳ್ಳುವಾಗ ದಿನಕ್ಕೆರಡು ಸಲ “ಡಾಕ್ಟ್ರೇ” ಅಂತಿದ್ದವರು ಈಗ ಮೇಲ್ ಮಾಡಿ ಅಂದರು. ಕೇಬಲ್ ಬಿಡಿಯಾಗಿ ಬರೋದಿಲ್ಲವಂತೆ, ಪ್ರೋಬ್ ಪೂರ್ತಿ ಬದಲಾಯಿಸಬೇಕಂತೆ. ಯಂತ್ರದ ಅರ್ಧ ಬೆಲೆ! ಅದೂ ಹೊರಗಿಂದ ತರಿಸಬೇಕು, ಯಾವಾಗ ಬರುತ್ತೋ ಹೇಳೋಕಾಗಲ್ಲ. ಅಲ್ಲಿಯವರೆಗೆ ನಾನು ಮತ್ತೆ ಬರಿಗೈ ವೈದ್ಯ. ರೈತರು “ಟಿವಿ ತಂದಿಲ್ವಾ ಸಾರ್?” ಅಂತ ಕೇಳೋರು. ಸ್ಕ್ಯಾನರ್ ಮಾರೋರು ಊರಿಗಿಬ್ಬರು ಹುಟ್ಟಿದ್ದಾರೆ, ರಿಪೇರಿ ಮಾಡೋನು ಮಾತ್ರ ಜಿಲ್ಲೆಗೊಬ್ಬನಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಮನುಷ್ಯರ ಸ್ಕ್ಯಾನಿಂಗ್ ಪ್ರೋಬ್ ರಿಪೇರಿ ಮಾಡುವ ಹುಡುಗನೊಬ್ಬ ಕೇಬಲ್ ಕತ್ತರಿಸಿ ಮತ್ತೆ ಬೆಸೆದುಕೊಟ್ಟ. ಒಂದು ಗೆರೆ ಉಳಿದಿದೆ, ಕೆಲಸ ನಡೀತಿದೆ.

ಈಗ ಪ್ರೋಬ್ ತೊಳೆಯೋದು ಉಗುರುಬೆಚ್ಚಗಿನ ನೀರಲ್ಲಿ. ಸ್ಪಿರಿಟ್ ಹಚ್ಚಿದರೆ ಮುಖದ ರಬ್ಬರು ಹಾಳಾಗುತ್ತೆ. ಕೇಬಲ್ ಅಗಲವಾಗಿ ಸುತ್ತಿ ಬೇರೆ ಚೀಲದಲ್ಲಿಡ್ತೀನಿ. ಮಗಳಿಗೆ ಮುಟ್ಟೋಕೂ ಬಿಡಲ್ಲ.

ದಿನಕ್ಕೆ ನಾಲ್ಕಾರು ಗಬ್ಬ ಪರೀಕ್ಷೆ ಇರುವವರು ತಗೊಳ್ಳಿ, ಫೀಸಲ್ಲೇ ಕಂತು ಕಳೆಯುತ್ತೆ. ವಾರಕ್ಕೊಂದು ಬರೋರಿಗೆ ಕೈಯೇ ಸಾಕು. ಕೊಳ್ಳೋ ಮುಂಚೆ ಪ್ರೋಬಿನ ಬಿಡಿ ಬೆಲೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ, ಕಳೆದ ಒಂದೂವರೆಯೂ ಕೇಬಲ್ಲಿಂದೇ. ಮೊಬೈಲಿಗೇ ಚಿತ್ರ ಕಳಿಸುವ ವೈರ್‌ಲೆಸ್ ಪ್ರೋಬ್ ಬಂದಿದೆಯಲ್ಲ, ಅದನ್ನು ಹಸುವಿಗೆ ಬಳಸಿದವರು ಯಾರಾದರೂ ಇದ್ದರೆ ಹೇಳಿ: ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ, ಒಳಗೆ ಹೋದಾಗ ಸಿಗ್ನಲ್ ಕಡಿಯುತ್ತಾ?